ಉಪ್ಪು ಮುಗಿಯುವ ತನಕ

ಹುಡುಗನೊಬ್ಬ ಹಡಗಿನಿಂದ ಕಡಲಿಗೆ ಬೀಳುತ್ತಾನೆ. ಇವತ್ತು ನಾನು ಹೇಳಹೊರಟಿರುವ ಕಾದಂಬರಿ ಶುರುವಾಗುವುದು ಹೀಗೆ. ಹುಡುಗನ ಹೆಸರು ಹಾರ್ವಿ ಚೇನ್. ವಯಸ್ಸು ಇನ್ನೂ ಹದಿನಾರು ತುಂಬಿಲ್ಲ. ತಂದೆ ಅಮೆರಿಕದ ದೊಡ್ಡ ಶ್ರೀಮಂತ. ರೈಲುದಾರಿಗಳಿವೆ, ಹಡಗುಗಳಿವೆ, ಮರದ ವ್ಯಾಪಾರವಿದೆ. ಆಸ್ತಿ ಸುಮಾರು ಮೂರು ಕೋಟಿ ಡಾಲರ್. ಹುಡುಗನ ಕೈಖರ್ಚಿಗೇ ತಿಂಗಳಿಗೆ ಇನ್ನೂರು ಡಾಲರ್. ಯೂರೋಪಿಗೆ ಹೊರಟ ದೊಡ್ಡ ಉಗಿಹಡಗಿನಲ್ಲಿ ಅವನು ತಾಯಿಯೊಂದಿಗೆ ಹೋಗುತ್ತಿದ್ದಾನೆ. ದೊಡ್ಡವರ ನಡುವೆ ಕುಳಿತು ಬಡಾಯಿ ಕೊಚ್ಚುತ್ತಾನೆ. ಯಾರೋ ಒಂದು ಖಾರದ ಚುಟ್ಟಾ ಕೊಡುತ್ತಾರೆ. ಸೇದುತ್ತಾನೆ. ತಲೆ ಸುತ್ತುತ್ತದೆ. ಯಾರಿಗೂ ಕಾಣದಂತೆ ಹಡಗಿನ ಹಿಂಬದಿಗೆ ಹೋಗಿ ನಿಲ್ಲುತ್ತಾನೆ. ಒಂದು ಅಲೆ ಬಂದು ಅವನನ್ನು ಎಳೆದುಕೊಂಡು ಹೋಗುತ್ತದೆ.

ಕಾದಂಬರಿಯ ಹೆಸರು 'ಕ್ಯಾಪ್ಟನ್ಸ್ ಕರೇಜಿಯಸ್'. ಬರೆದವರು ರಡ್ಯಾರ್ಡ್ ಕಿಪ್ಲಿಂಗ್. ಪುಸ್ತಕವಾಗಿ ಬಂದದ್ದು 1897ರಲ್ಲಿ. ಕಿಪ್ಲಿಂಗ್ ಎಂದರೆ ನಮಗೆ ನೆನಪಾಗುವುದು 'ಜಂಗಲ್ ಬುಕ್', ಮೋಗ್ಲಿ, ಶೇರ್ ಖಾನ್. ಮುಂಬಯಿಯಲ್ಲಿ ಹುಟ್ಟಿದ ಈ ಲೇಖಕ ಅಮೆರಿಕದ ಹೆಣ್ಣುಮಗಳನ್ನು ಮದುವೆಯಾಗಿ, 1892ರಿಂದ ನಾಲ್ಕು ವರ್ಷ ಅಲ್ಲಿನ ವರ್ಮಾಂಟ್ ಪ್ರಾಂತದಲ್ಲಿ ಸಂಸಾರ ಹೂಡಿದ್ದರು. ಕಟ್ಟಿಸಿದ ಮನೆಗೆ 'ನೌಲಖಾ' ಎಂದು ಹೆಸರಿಟ್ಟಿದ್ದರು. ನಮ್ಮ ಕಾಡಿನ ಕಥೆಗಳನ್ನೂ ಈ ಕಡಲಿನ ಕಥೆಯನ್ನೂ ಅವರು ಬರೆದದ್ದು ಹಿಮ ಬೀಳುವ ಆ ಊರಿನಲ್ಲಿ.

ಕಡಲು ಮತ್ತು ಹುಡುಗ ಎಂದ ಕೂಡಲೇ ನಿಮಗೆ ಇನ್ನೊಂದು ಪುಸ್ತಕ ನೆನಪಾಗಿರಬಹುದು. ಸ್ಟೀವನ್‌ಸನ್ನರ 'ಟ್ರೆಷರ್ ಐಲ್ಯಾಂಡ್'. ಅದು ಬಂದದ್ದು 1883ರಲ್ಲಿ. ಅಲ್ಲಿ ನಕ್ಷೆಯಿದೆ, ನಿಧಿಯಿದೆ, ಒಂಟಿ ಕಾಲಿನ ಕಡಲುಗಳ್ಳನಿದ್ದಾನೆ. ಅದೂ ನನಗೆ ಪ್ರಿಯವಾದ ಪುಸ್ತಕವೇ. ಆದರೆ ಕಿಪ್ಲಿಂಗರ ಕಾದಂಬರಿಯಲ್ಲಿ ನಿಧಿಯಿಲ್ಲ, ಕಳ್ಳರಿಲ್ಲ, ಕತ್ತಿಯಿಲ್ಲ. ಇರುವುದು ಮೀನು, ಉಪ್ಪು, ಹಗ್ಗ ಮತ್ತು ಮಂಜು. ಒಬ್ಬ ಹುಡುಗ ಕೆಲಸ ಕಲಿಯುತ್ತಾನೆ. ಸಾಹಸ ಅಂದರೆ ಅಷ್ಟೇ. ಅಷ್ಟನ್ನೇ ಇಟ್ಟುಕೊಂಡು ಮಕ್ಕಳು ಉಸಿರು ಬಿಗಿಹಿಡಿದು ಓದುವಂಥ ಕಥೆ ಕಟ್ಟಬಹುದೇ? ಕಟ್ಟಬಹುದು ಎನ್ನುವುದಕ್ಕೆ ಈ ಪುಸ್ತಕವೇ ಸಾಕ್ಷಿ.

ಹುಡುಗ ಕಡಲಿಗೆ ಬಿದ್ದ ಎಂದೆ. ಮುಂದೇನಾಯಿತು, ಕೇಳಿ.

ಮ್ಯಾನುಯೆಲ್ ಎಂಬ ಪೋರ್ಚುಗೀಸ್ ಮೀನುಗಾರ ಅವನನ್ನು ತನ್ನ ಚಿಕ್ಕ ದೋಣಿಗೆ ಎಳೆದುಕೊಳ್ಳುತ್ತಾನೆ. ಹಾರ್ವಿ ಕಣ್ಣು ಬಿಟ್ಟಾಗ ಅವನ ಸುತ್ತ ಮೀನಿನ ರಾಶಿ. ಅಲ್ಲಿಂದ ಅವನನ್ನು 'ವಿ ಆರ್ ಹಿಯರ್' ಎಂಬ ಹಾಯಿಹಡಗಿಗೆ ಸಾಗಿಸುತ್ತಾರೆ. ಅದು ಅಮೆರಿಕದ ಗ್ಲಾಸ್ಟರ್ ಬಂದರಿನ ಮೀನುಹಡಗು. ಅದರ ಯಜಮಾನ ಡಿಸ್ಕೊ ಟ್ರೂಪ್. ನಮ್ಮ ಕರಾವಳಿಯಲ್ಲಿ ತಾಂಡೇಲ ಎನ್ನುತ್ತಾರಲ್ಲ, ಅಂಥವನು. ಮಾತು ಕಡಿಮೆ, ನಿರ್ಧಾರ ಗಟ್ಟಿ.

ಹಾರ್ವಿ ಅಪ್ಪಣೆ ಕೊಡುತ್ತಾನೆ. ನನ್ನನ್ನು ಕೂಡಲೇ ನ್ಯೂಯಾರ್ಕಿಗೆ ಒಯ್ಯಿರಿ, ನಮ್ಮಪ್ಪ ಕೇಳಿದಷ್ಟು ದುಡ್ಡು ಕೊಡುತ್ತಾರೆ. ಡಿಸ್ಕೊ ನಂಬುವುದಿಲ್ಲ. ಬಿದ್ದ ಪೆಟ್ಟಿಗೆ ಹುಡುಗನ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾನೆ. ನಂಬಿದ್ದರೂ ಹಡಗು ತಿರುಗಿಸುವುದು ಸುಲಭವಿರಲಿಲ್ಲ. ಆಗಿನ್ನೂ ಮೇ ತಿಂಗಳು. ಮೀನಿನ ಕಾಲ ಸೆಪ್ಟೆಂಬರಿನ ತನಕ. ಹಿಂದಿರುಗಿದರೆ ಎಂಟು ಜನರ ವರ್ಷದ ಅನ್ನಕ್ಕೆ ಕಲ್ಲು. ಹಾಗಾಗಿ ಡಿಸ್ಕೊ ಒಂದು ಮಾತು ಹೇಳುತ್ತಾನೆ: ಹಡಗಿನಲ್ಲಿ ಕೆಲಸ ಮಾಡು, ತಿಂಗಳಿಗೆ ಹತ್ತೂವರೆ ಡಾಲರ್ ಸಂಬಳ, ಊಟ ಉಚಿತ.

ಇನ್ನೂರು ಡಾಲರ್ ಕೈಖರ್ಚಿನ ಹುಡುಗನಿಗೆ ಹತ್ತೂವರೆ ಡಾಲರ್ ಸಂಬಳ! ಹಾರ್ವಿ ಕೂಗಾಡುತ್ತಾನೆ. ನನ್ನ ದುಡ್ಡು ನೀವೇ ಕದ್ದಿದ್ದೀರಿ ಎನ್ನುತ್ತಾನೆ. ಡಿಸ್ಕೊ ಅವನ ಮೂಗಿಗೆ ಒಂದು ಗುದ್ದು ಕೊಡುತ್ತಾನೆ.

ಆಮೇಲೆ ಬರುವುದೇ ನನಗೆ ಈ ಕಥೆಯ ಮೊದಲ ದೊಡ್ಡ ಘಟ್ಟ. ಡಿಸ್ಕೊನ ಮಗ ಡ್ಯಾನ್, ಹೆಚ್ಚು ಕಡಿಮೆ ಹಾರ್ವಿಯ ವಯಸ್ಸಿನವನೇ, ಹತ್ತಿರ ಬಂದು ಕೂರುತ್ತಾನೆ. ಮೂಗಿನ ರಕ್ತ ಒರೆಸಿಕೊಳ್ಳಲು ನೆರವಾಗುತ್ತಾನೆ. ನಮ್ಮಪ್ಪ ಕಳ್ಳನಲ್ಲ ಎಂದು ಸಮಾಧಾನವಾಗಿಯೇ ಹೇಳುತ್ತಾನೆ. ಹಾರ್ವಿ ಯೋಚಿಸುತ್ತಾನೆ. ಜೀವ ಉಳಿಸಿದವರನ್ನು ಕಳ್ಳರು ಎಂದೆನಲ್ಲ ಎನಿಸುತ್ತದೆ. ಎದ್ದುಹೋಗಿ ಡಿಸ್ಕೊನ ಮುಂದೆ ನಿಂತು ತಪ್ಪಾಯಿತು ಎನ್ನುತ್ತಾನೆ. ಡಿಸ್ಕೊ ಕೈ ಚಾಚುತ್ತಾನೆ. ಹುಡುಗನ ಬಗ್ಗೆ ಹಗೆಯಿಲ್ಲ, ಉಪದೇಶವಿಲ್ಲ. ಮಾತು ಮುಗಿಯಿತು, ಕೆಲಸ ಶುರುವಾಯಿತು.

ಹಣದ ಹುಡುಗ ಕೂಲಿಯಾಳಾದ ಬಗೆ ಇದು. ಈಗ ಆ ಕೆಲಸವಾದರೂ ಏನು ಎಂದು ನೋಡೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಾದಂಬರಿಯ ಜೀವ ಇರುವುದು ಇಲ್ಲೇ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಆಚೆ ಕಡಲಿನ ತಳ ಒಂದು ವಿಶಾಲವಾದ ದಿಬ್ಬದಂತೆ ಮೇಲೆದ್ದಿದೆ. ಅದನ್ನು ಗ್ರ್ಯಾಂಡ್ ಬ್ಯಾಂಕ್ಸ್ ಎನ್ನುತ್ತಾರೆ. ಉತ್ತರದಿಂದ ಲ್ಯಾಬ್ರಡಾರಿನ ತಣ್ಣನೆಯ ಪ್ರವಾಹ ಬರುತ್ತದೆ. ದಕ್ಷಿಣದಿಂದ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹ ಬರುತ್ತದೆ. ಎರಡೂ ಅಲ್ಲಿ ಸಂಧಿಸುತ್ತವೆ. ಅದರಿಂದ ದಟ್ಟ ಮಂಜು. ಅದರಿಂದಲೇ ಹೇರಳ ಮೀನು. ಕಾಡ್ ಎಂಬ ಮೀನು. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಮೀನೆಣ್ಣೆ ಮಾತ್ರೆ ಕೊಡುತ್ತಿದ್ದರಲ್ಲ, ಹಳದಿ ಬಣ್ಣದ್ದು? ಆ ಎಣ್ಣೆ ಈ ಕಾಡ್ ಮೀನಿನ ಲಿವರಿನಿಂದ ಬರುವಂಥದ್ದು.

ಬೆಳಿಗ್ಗೆ ಹಡಗಿನಿಂದ ಡೋರಿ ಎಂಬ ಪುಟ್ಟ ದೋಣಿಗಳನ್ನು ಇಳಿಸುತ್ತಾರೆ. ತಳ ಚಪ್ಪಟೆ. ಒಳಗಿನ ಹಲಗೆಗಳನ್ನು ತೆಗೆದರೆ, ಪಾತ್ರೆ ಅಂಗಡಿಯ ಬೋಗುಣಿಗಳಂತೆ ಒಂದರೊಳಗೊಂದು ಕೂರುತ್ತವೆ. ದೋಣಿಗೆ ಒಬ್ಬರೋ ಇಬ್ಬರೋ ಮೀನುಗಾರರು. ಗಾಳ ಹಾಕಿ ಕೂರುತ್ತಾರೆ. ಸಂಜೆ ದೋಣಿಗಳು ತುಂಬಿ ಹಿಂದಿರುಗುತ್ತವೆ. ಆಮೇಲೆ ಊಟ. ಊಟಕ್ಕೂ ಎರಡು ಪಂಕ್ತಿ. ಮೊದಲ ಪಂಕ್ತಿ ಡಿಸ್ಕೊನಂಥ ದೊಡ್ಡವರಿಗೆ, ಎರಡನೆಯದು ಹುಡುಗರಿಗೆ ಮತ್ತು ಉಳಿದವರಿಗೆ. ಹಾರ್ವಿ ಎರಡನೆಯ ಪಂಕ್ತಿಯವನು.

ಊಟವಾದ ಮೇಲೆ ನಿಜವಾದ ದುಡಿಮೆ. ಹಿಡಿದ ಮೀನನ್ನು ಆ ರಾತ್ರಿಯೇ ಹಸನು ಮಾಡಿ ಉಪ್ಪಿಗೆ ಹಾಕಬೇಕು. ಕೇಳುಗರೇ, ಈ ದೃಶ್ಯವನ್ನು ಕಣ್ಣಮುಂದೆ ತಂದುಕೊಳ್ಳಿ. ಮೊಣಕಾಲು ಮುಚ್ಚುವಷ್ಟು ಮೀನಿನ ರಾಶಿಯ ನಡುವೆ ಇಬ್ಬರು ಚೂರಿ ಹಿಡಿದು ನಿಂತಿದ್ದಾರೆ. ಒಬ್ಬ ಮ್ಯಾನುಯೆಲ್. ಅವನು ಬಗ್ಗಿ, ಒಂದು ಬೆರಳು ಕಿವಿರಿಗೆ, ಇನ್ನೊಂದು ಕಣ್ಣಿಗೆ ಹಾಕಿ ಮೀನನ್ನು ಎತ್ತುತ್ತಾನೆ. ಚೂರಿ ಆಡುತ್ತದೆ. ಗಂಟಲಿನಿಂದ ಕೆಳಗಿನವರೆಗೆ ಒಂದೇ ಸೀಳು. ಮೀನು ಲಾಂಗ್ ಜ್ಯಾಕ್ ಎಂಬ ಮೀನುಗಾರನ ಹತ್ತಿರ ಬೀಳುತ್ತದೆ. ಅವನ ಕೈಗೆ ಕೈಗವಸು. ಒಂದು ಬಾಚು ಬಾಚಿದರೆ ಲಿವರ್ ಬುಟ್ಟಿಗೆ. ಇನ್ನೊಂದು ಎಳೆತಕ್ಕೆ ತಲೆ, ಕರುಳು ಆಚೆಗೆ. ಖಾಲಿ ಮೀನು ಮೇಜಿನ ಮೇಲೆ ಜಾರಿ ಸಾಲ್ಟರ್ಸ್ ಮಾಮ ಎಂಬವನ ಕೈ ಸೇರುತ್ತದೆ. ಅವನು ನಡುಮುಳ್ಳನ್ನು ಕಿತ್ತು ಕಡಲಿಗೆ ಎಸೆಯುತ್ತಾನೆ. ಬಿಡಿಸಿಟ್ಟ ಮೀನು ನೀರಿನ ತೊಟ್ಟಿಗೆ ಧೊಪ್ಪೆಂದು ಬೀಳುತ್ತದೆ.

ತೊಟ್ಟಿಯ ಹತ್ತಿರ ನಿಂತವನು ಹಾರ್ವಿ. ಕವೆಗೋಲಿನಿಂದ ಮೀನನ್ನು ಎತ್ತಿ ಹಡಗಿನ ಹೊಟ್ಟೆಗೆ ತಳ್ಳುವುದು ಅವನ ಕೆಲಸ. ಕೆಳಗೆ ಡಿಸ್ಕೊ ಮತ್ತು ಟಾಮ್ ಪ್ಲ್ಯಾಟ್ ಎಂಬ ಇನ್ನೊಬ್ಬ ಮೀನುಗಾರ ಮೀನಿನ ಮೇಲೆ ಉಪ್ಪು ಉಜ್ಜಿ ಉಜ್ಜಿ ಸಾಲಾಗಿ ಜೋಡಿಸುತ್ತಿದ್ದಾರೆ. ಯಾರೂ ನಿಲ್ಲುವುದಿಲ್ಲ. ಒಬ್ಬ ನಿಂತರೆ ಸಾಲಿನಲ್ಲಿ ಎಲ್ಲರೂ ನಿಲ್ಲಬೇಕು. ಸ್ವಲ್ಪ ಹೊತ್ತಿಗೆ ಹುಡುಗನ ಬೆನ್ನು ನೋಯುತ್ತದೆ. ಅಂಗೈ ಉರಿಯುತ್ತದೆ. ಆದರೂ ಅವನು ಕೈಬಿಡುವುದಿಲ್ಲ. ದುಡಿಯುವ ಒಂದು ತಂಡದಲ್ಲಿ ತಾನೂ ಒಬ್ಬ ಎಂಬ ಭಾವನೆ ಜೀವನದಲ್ಲಿ ಮೊದಲ ಸಲ ಅವನಿಗೆ ಬರುತ್ತದೆ. ಅದರಿಂದ ಅವನಿಗೆ ಹೆಮ್ಮೆಯಾಗುತ್ತದೆ.

ಗಮನಿಸಿ. ಯಾರೂ ಅವನನ್ನು ಹೊಗಳಲಿಲ್ಲ. ಬಹುಮಾನ ಕೊಡಲಿಲ್ಲ. ಅವನು ಇಲ್ಲದಿದ್ದರೆ ಸಾಲು ತುಂಡಾಗುತ್ತಿತ್ತು, ಅಷ್ಟೇ. ತಾನು ಬೇಕಾದವನು ಎಂದು ಮಗುವಿಗೆ ತಿಳಿಯಬೇಕಾದರೆ ಅದರ ಕೈಗೆ ನಿಜವಾದ ಕೆಲಸ ಕೊಡಬೇಕು. ನಾಟಕದ ಕೆಲಸ ಕೊಟ್ಟರೆ ಮಕ್ಕಳು ಕೂಡಲೇ ಕಂಡುಹಿಡಿಯುತ್ತಾರೆ. ಇಷ್ಟು ಸರಳವಾದ ಸತ್ಯವನ್ನು ಒಂದು ಮೀನಿನ ತೊಟ್ಟಿಯ ಪಕ್ಕ ನಿಲ್ಲಿಸಿ ತೋರಿಸಿದ್ದಕ್ಕೆ ನಾನು ಕಿಪ್ಲಿಂಗರಿಗೆ ಋಣಿ.

ಈ ದೃಶ್ಯವನ್ನು ಅವರು ಇಷ್ಟು ನಿಖರವಾಗಿ ಬರೆದದ್ದು ಹೇಗೆ? ಅದಕ್ಕೂ ಒಂದು ಕಥೆಯಿದೆ. ವರ್ಮಾಂಟಿನಲ್ಲಿ ಅವರ ಮನೆಯ ವೈದ್ಯರಾಗಿದ್ದವರು ಡಾಕ್ಟರ್ ಜೇಮ್ಸ್ ಕಾನ್ಲಂಡ್. ಅವರು ಚಿಕ್ಕಂದಿನಲ್ಲಿ ಮೀನುಹಡಗುಗಳಲ್ಲಿ ದುಡಿದಿದ್ದವರು. ಕಿಪ್ಲಿಂಗರನ್ನು ಬಾಸ್ಟನ್ ಬಂದರಿಗೆ, ಗ್ಲಾಸ್ಟರಿಗೆ ಕರೆದೊಯ್ದರು. ನಾವಿಕರೊಂದಿಗೆ ಊಟಕ್ಕೆ ಕೂರಿಸಿದರು. ದೊಡ್ಡದೊಂದು ಕಾಡ್ ಮೀನು ತಂದು, ಸರಿಯಾದ ಚೂರಿಗಳನ್ನೇ ಹಿಡಿದು, ಸೀಳುವುದು ಹೇಗೆ ಎಂದು ಎದುರಿಗೇ ಮಾಡಿ ತೋರಿಸಿದರು. ಬರೆಯುವಾಗ ತಪ್ಪಬಾರದು ಎಂಬ ಕಾಳಜಿ. ಅನುಭವ ಆಗಲಿ ಎಂದು ಒಂದು ಮೀನುದೋಣಿಯಲ್ಲಿ ಕಡಲಿಗೂ ಕಳಿಸಿದರು. ಕಿಪ್ಲಿಂಗರಿಗೆ ವಾಂತಿಯೋ ವಾಂತಿ. ಈ ಸಂಗತಿಗಳನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕಾದಂಬರಿಯನ್ನು ಆ ವೈದ್ಯರಿಗೇ ಅರ್ಪಿಸಿದ್ದಾರೆ. ಕೆಲಸದ ಬಗ್ಗೆ ಬರೆಯುವವನು ಮೊದಲು ಕೆಲಸ ಬಲ್ಲವನ ಮುಂದೆ ವಿದ್ಯಾರ್ಥಿಯಾಗಿ ಕೂತ. ಹಾರ್ವಿ ಕೂತಂತೆಯೇ.

ಮೀನು ಹಸನು ಮಾಡುವ ರಾತ್ರಿಯನ್ನು ನೋಡಿದೆವು. ಅದು ಕೈ ಕಲಿಯುವ ಪಾಠ. ಇನ್ನು ಬುದ್ಧಿ ಕಲಿಯುವ ಪಾಠ.

ಲಾಂಗ್ ಜ್ಯಾಕ್ ಹುಡುಗನಿಗೆ ಹಗ್ಗಗಳ ಹೆಸರು ಕಲಿಸುತ್ತಾನೆ. ಹಾಯಿಹಡಗಿನಲ್ಲಿ ಎಷ್ಟೋ ಹಗ್ಗ. ಕತ್ತಲಲ್ಲಿ ಯಾವುದು ಯಾವುದೆಂದು ಕೈಗೆ ತಿಳಿಯಬೇಕು. ತಪ್ಪಿದರೆ ಹಗ್ಗದ ತುದಿಯಿಂದ ಒಂದು ಏಟು. ಹೊಡೆದು ಕಲಿಸುವುದನ್ನು ನಾನು ಒಪ್ಪುವುದಿಲ್ಲ. ಕಥೆಯಲ್ಲೂ ಹಾರ್ವಿ ಹೆಚ್ಚು ಕಲಿಯುವುದು ಡ್ಯಾನ್‌ನಿಂದ. ಅವನು ಏಟು ಕೊಟ್ಟು ಕಲಿಸುವುದಿಲ್ಲ. ಜೊತೆಗೆ ದೋಣಿಯಲ್ಲಿ ಕೂರುತ್ತಾನೆ, ಮಾಡಿ ತೋರಿಸುತ್ತಾನೆ, ತಪ್ಪಿದರೆ ನಗುತ್ತಾನೆ.

ಡಿಸ್ಕೊನ ವಿದ್ಯೆ ಇನ್ನೂ ದೊಡ್ಡದು. ಮಂಜಿನಲ್ಲಿ ಹಡಗು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಕಡಲ ತಳಕ್ಕೆ ಬಿಡುತ್ತಾರೆ. ಅದರಿಂದ ಆಳ ಗೊತ್ತಾಗುತ್ತದೆ. ಗುಂಡಿನ ತಳಕ್ಕೆ ಅಂಟು ಮೆತ್ತಿರುತ್ತದೆ. ಮರಳೋ ಚಿಪ್ಪೋ ಕೆಸರೋ ಅದಕ್ಕೆ ಹತ್ತಿಕೊಂಡು ಮೇಲೆ ಬರುತ್ತದೆ. ಡಿಸ್ಕೊ ಅದನ್ನು ಬೆರಳಲ್ಲಿ ಉಜ್ಜುತ್ತಾನೆ. ಮೂಸುತ್ತಾನೆ. ನಾವು ಇಂಥಲ್ಲಿದ್ದೇವೆ ಎನ್ನುತ್ತಾನೆ. ಮೀನು ಮುಂದೆ ಎತ್ತ ಹೋಗುತ್ತದೆ ಎಂದು ಮೀನಿನಂತೆಯೇ ಯೋಚಿಸುತ್ತಾನೆ. ಸುತ್ತಲಿನ ಹಡಗುಗಳು ಅವನ ಹಡಗನ್ನು ಹಿಂಬಾಲಿಸುತ್ತವೆ. ಮಲ್ಪೆಯಲ್ಲೋ ಕಾರವಾರದಲ್ಲೋ ಇದನ್ನು ಕೇಳುತ್ತಿರುವವರಿಗೆ ಇದು ಹೊಸದೆನಿಸಲಾರದು. ನೀರಿನ ಬಣ್ಣ ನೋಡಿ, ಹಕ್ಕಿಗಳ ಹಾರಾಟ ನೋಡಿ ಮೀನಿನ ಜಾಗ ಹೇಳುವ ಹಿರಿಯರು ನಿಮ್ಮಲ್ಲೂ ಇದ್ದಾರೆ.

ಕೈಯ ಪಾಠ, ಬುದ್ಧಿಯ ಪಾಠ ಆಯಿತು. ಇನ್ನೊಂದು ಪಾಠವಿದೆ. ಅದನ್ನು ಹಾರ್ವಿಗೆ ಕಡಲೇ ಕಲಿಸುತ್ತದೆ. ಅದು ದುಃಖದ ಪಾಠ.

ಹಡಗಿನಲ್ಲಿ ಪೆನ್ ಎಂಬೊಬ್ಬ ಸಾಧು ಮನುಷ್ಯನಿದ್ದಾನೆ. ಹಿಂದೆ ಅವನು ಧರ್ಮಬೋಧಕ. ಜಾನ್ಸ್‌ಟೌನ್ ಎಂಬ ಊರಿನ ಪ್ರವಾಹದಲ್ಲಿ ಹೆಂಡತಿ ಮಕ್ಕಳನ್ನು ಕಳೆದುಕೊಂಡಿದ್ದಾನೆ. ಆ ಆಘಾತಕ್ಕೆ ಅವನ ನೆನಪೇ ಅಳಿಸಿಹೋಗಿದೆ. ತಾನು ಯಾರೆಂದೂ ಗೊತ್ತಿಲ್ಲ. ಸಾಲ್ಟರ್ಸ್ ಮಾಮ ಅವನನ್ನು ಕಾಯುತ್ತಿದ್ದಾನೆ. ಪೆನ್ ಕಲ್ಪನೆಯ ಪಾತ್ರ, ಪ್ರವಾಹ ನಿಜ. 1889ರ ಮೇ ಕೊನೆಯಲ್ಲಿ ಪೆನ್ಸಿಲ್ವೇನಿಯಾದಲ್ಲಿ ಒಂದು ಅಣೆಕಟ್ಟು ಒಡೆದು ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಅಣೆಕಟ್ಟು ಸಿರಿವಂತರ ಒಂದು ಕ್ಲಬ್ಬಿನದು. ಬೇಸಿಗೆಯಲ್ಲಿ ಮೀನು ಹಿಡಿದು ಹೊತ್ತು ಕಳೆಯಲು ಅವರು ಇಟ್ಟುಕೊಂಡಿದ್ದ ಕೆರೆ ಅದು. ಕಿಪ್ಲಿಂಗ್ ಈ ಮಾತನ್ನು ಎತ್ತಿ ಆಡುವುದಿಲ್ಲ. ಆದರೆ ಸಿರಿವಂತರ ಹುಡುಗನೊಬ್ಬ ಪೆನ್‌ನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಾನೆ ಎಂಬುದನ್ನು ನಾವು ಮರೆಯುವಂತಿಲ್ಲ.

ಒಂದು ದಿನ ಮಂಜಿನಲ್ಲಿ ದೊಡ್ಡ ಉಗಿಹಡಗೊಂದು ಬೇರೊಂದು ಮೀನುಹಡಗಿಗೆ ಬಡಿದು ಅದನ್ನು ಸೀಳಿಕೊಂಡು ಹೋಗುತ್ತದೆ. ಹಾರ್ವಿ ಬಿದ್ದದ್ದು ಅಂಥದೇ ಹಡಗಿನಿಂದ. ಅದರೊಳಗೆ ಬೆಚ್ಚಗೆ ಮಲಗಿರುವವರಿಗೆ ಕೆಳಗೆ ಏನಾಯಿತೆಂದೇ ತಿಳಿದಿರುವುದಿಲ್ಲ. ಅಂಥ ಹಾಸಿಗೆಯಲ್ಲಿ ಮಲಗಿ ಬಂದ ಹುಡುಗ ಈಗ ಕೆಳಗಿದ್ದಾನೆ. ಒಡೆದ ಹಡಗಿನ ಯಜಮಾನನನ್ನು ಎತ್ತಿ ತರುತ್ತಾರೆ. ಮಗ ಹೋದ ಎಂದು ಅವನು ಗೋಳಾಡುತ್ತಾನೆ. ಆಗ ಪೆನ್ ಎದ್ದು ನಿಲ್ಲುತ್ತಾನೆ. ಅವನ ನೆನಪು ಮರಳಿದೆ. ಹಳೆಯ ಬೋಧಕನ ದನಿಯಲ್ಲಿ ಪ್ರಾರ್ಥಿಸುತ್ತಾನೆ, ಆ ತಂದೆಯನ್ನು ಸಂತೈಸುತ್ತಾನೆ. ಸ್ವಲ್ಪ ಹೊತ್ತಿಗೆ ಸುದ್ದಿ ಬರುತ್ತದೆ, ಮಗನನ್ನು ಇನ್ನೊಂದು ಹಡಗಿನವರು ಉಳಿಸಿದ್ದಾರೆ. ಪೆನ್ ಹೋಗಿ ಆ ಮಗನನ್ನು ತಂದೆಗೆ ಒಪ್ಪಿಸುತ್ತಾನೆ. ಹಿಂದಿರುಗುವಷ್ಟರಲ್ಲಿ ಅವನ ನೆನಪು ಮತ್ತೆ ಅಳಿಸಿಹೋಗಿರುತ್ತದೆ. ಮಕ್ಕಳ ಪುಸ್ತಕದಲ್ಲಿ ಇಷ್ಟು ಗಾಢವಾದ ಪುಟಗಳು ಅಪರೂಪ. ಹಾರ್ವಿ ಇಲ್ಲಿ ಏನೂ ಮಾಡುವುದಿಲ್ಲ. ನೋಡುತ್ತಾನೆ. ನೋಡಿ ದೊಡ್ಡವನಾಗುತ್ತಾನೆ.

ಈ ಕಾದಂಬರಿ 1937ರಲ್ಲಿ ಸಿನಿಮಾ ಆಯಿತು. ಮ್ಯಾನುಯೆಲ್ ಪಾತ್ರಕ್ಕೆ ಸ್ಪೆನ್ಸರ್ ಟ್ರೇಸಿ ಆಸ್ಕರ್ ಪಡೆದರು. ಸಿನಿಮಾದಲ್ಲಿ ಮ್ಯಾನುಯೆಲ್ ಸಾಯುತ್ತಾನೆ. ಪುಸ್ತಕದಲ್ಲಿ ಸಾಯುವುದಿಲ್ಲ. ಹುಡುಗ ಬದಲಾಗಲು ಅವನ ನೆಚ್ಚಿನವರು ಸಾಯಬೇಕು ಎಂದು ಪುಸ್ತಕ ಹಟ ಹಿಡಿಯುವುದಿಲ್ಲ. ದಿನದಿನದ ದುಡಿಮೆಯೇ ಸಾಕು ಎನ್ನುತ್ತದೆ. ನನಗೆ ಪುಸ್ತಕದ ದಾರಿಯೇ ಹೆಚ್ಚು ಸರಿ.

ಕೈ, ಬುದ್ಧಿ, ದುಃಖ, ಮೂರೂ ಪಾಠ ನೋಡಿದೆವು. ಈಗ ಮನೆಗೆ ಹಿಂದಿರುಗುವ ಭಾಗ.

ಹಡಗು ಯಾವಾಗ ಹಿಂದಿರುಗಬೇಕು? ತಂದ ಉಪ್ಪು ಮುಗಿದಾಗ. ಉಪ್ಪೆಲ್ಲ ಮೀನಿಗೆ ಹತ್ತಿದರೆ ಹಡಗಿನ ಹೊಟ್ಟೆ ತುಂಬಿತು ಎಂದರ್ಥ. 'ವಿ ಆರ್ ಹಿಯರ್' ಉಳಿದವರಿಗಿಂತ ಮೊದಲು ಉಪ್ಪು ಮುಗಿಸಿ ಬಾವುಟ ಏರಿಸುತ್ತದೆ. ಆ ಗೆಲುವಿನಲ್ಲಿ ಹಾರ್ವಿಗೂ ಪಾಲಿದೆ. ಗ್ಲಾಸ್ಟರಿಗೆ ಬಂದು ತಂದೆಗೆ ತಂತಿ ಕಳಿಸುತ್ತಾನೆ. ಮಗ ಸತ್ತನೆಂದೇ ತಿಳಿದಿದ್ದ ತಂದೆ ತಾಯಿ ಸ್ಯಾನ್ ಡಿಯಾಗೊದಿಂದ ಬಾಸ್ಟನ್ನಿಗೆ ಸ್ವಂತ ರೈಲಿನಲ್ಲಿ ಧಾವಿಸುತ್ತಾರೆ. ಇಡೀ ಅಮೆರಿಕ ಖಂಡವನ್ನು ಅಡ್ಡಹಾಯುವ ಪಯಣ ನಾಲ್ಕು ದಿನಕ್ಕೂ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ. ಇಲ್ಲೂ ಕಿಪ್ಲಿಂಗ್ ಕೆಲಸವನ್ನೇ ಬರೆಯುತ್ತಾರೆ. ಯಾವ ನಿಲ್ದಾಣದಲ್ಲಿ ಎಂಜಿನ್ ಬದಲಾಯಿತು, ಯಾವ ಏರಿನಲ್ಲಿ ಚಾಲಕ ಏನು ಮಾಡಿದ ಎಂಬುದೆಲ್ಲ ಇದೆ.

ಗ್ಲಾಸ್ಟರಿನಲ್ಲಿ ಒಂದು ಸಭೆ ನಡೆಯುತ್ತದೆ. ಆ ವರ್ಷ ಕಡಲಿನ ಪಾಲಾದ ಮೀನುಗಾರರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಹಿಂದೆ ಹಾರ್ವಿಗೆ ಅವು ಬರಿಯ ಹೆಸರಾಗಿರುತ್ತಿದ್ದವು. ಈಗ ಹಾಗಲ್ಲ. ಈ ಗ್ಲಾಸ್ಟರ್ ನಿಜವಾದ ಊರು. ಕಡಲ ದಂಡೆಯಲ್ಲಿ ಚುಕ್ಕಾಣಿ ಹಿಡಿದ ಮೀನುಗಾರನ ಕಂಚಿನ ಪ್ರತಿಮೆ ಇದೆ. 1925ರದು. ಅದರ ಬಳಿ ಕೆತ್ತಿರುವ ಹೆಸರುಗಳು ಐದು ಸಾವಿರಕ್ಕೂ ಹೆಚ್ಚು.

ಇಷ್ಟು ಮೆಚ್ಚಿದ ಮೇಲೆ ನನಗೆ ಒಪ್ಪದ್ದನ್ನೂ ಹೇಳಬೇಕು. ಹಡಗಿನ ಅಡುಗೆಯವನು ಕರಿಯ ಜನಾಂಗದವನು. ಅವನ ಬಗ್ಗೆ ಅಂದಿನ ಬಿಳಿಯರು ಆಡುತ್ತಿದ್ದ ಹೀನ ಪದಗಳು ಪುಸ್ತಕದಲ್ಲಿವೆ. ಮಕ್ಕಳಿಗೆ ಓದಿ ಹೇಳುವವರು ಅವುಗಳ ಬಳಿ ನಿಂತು, ಇದು ಏಕೆ ತಪ್ಪು ಎಂದು ಹೇಳಲೇಬೇಕು. ಇನ್ನೊಂದು, ಕೊನೆ. ಹಾರ್ವಿ ಕಾಲೇಜಿಗೆ ಹೋಗುತ್ತಾನೆ, ತಂದೆಯ ಹಡಗುಗಳಿಗೆ ಒಡೆಯನಾಗಲಿದ್ದಾನೆ. ಡ್ಯಾನ್ ಅದೇ ಹಡಗುಗಳಲ್ಲಿ ನೌಕರ. ಮಂಜಿನಲ್ಲಿ ಒಂದೇ ದೋಣಿಯಲ್ಲಿ ಕೂತು ಗಾಳ ಹಾಕಿದವರು. ಹೆಚ್ಚಿನದನ್ನೆಲ್ಲ ಕಲಿಸಿದವನು ಡ್ಯಾನ್. ದಡ ಸೇರಿದ ಕೂಡಲೇ ಹಳೆಯ ಏಣಿ ಮತ್ತೆ ಎದ್ದು ನಿಂತಿತು. ಕಿಪ್ಲಿಂಗರಿಗೆ ಇದು ಸಹಜವೆನಿಸಿದೆ. ನನಗೆ ಹಾಗನಿಸುವುದಿಲ್ಲ. ಮಕ್ಕಳಿಗೂ ಅನಿಸಲಾರದು. ಡ್ಯಾನ್ ಏಕೆ ಒಡೆಯನಾಗಲಿಲ್ಲ ಎಂದು ಅವರು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯನ್ನು ಮುಚ್ಚಿಡಬೇಡಿ.

ಆ ಕಡಲಿನ ಸುದ್ದಿಯನ್ನೂ ಮಕ್ಕಳಿಗೆ ಹೇಳಿ. ಡಿಸ್ಕೊನ ಕಾಲದಲ್ಲಿ ತೀರದು ಎನಿಸಿದ್ದ ಕಾಡ್ ಮೀನು ತೀರುತ್ತ ಬಂತು. ದೊಡ್ಡ ಯಂತ್ರದ ಹಡಗುಗಳು ಬಲೆಯಿಂದ ತಳವನ್ನೇ ಗೋರಿದವು. 1992ರಲ್ಲಿ ಕೆನಡಾ ಸರ್ಕಾರ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಿತು. ಸುಮಾರು ಮೂವತ್ತು ಸಾವಿರ ಜನ ಕೆಲಸ ಕಳೆದುಕೊಂಡರು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ದಡದಲ್ಲೇ ಉಳಿಯುವುದು ಏಕೆಂದು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಪುಸ್ತಕದಲ್ಲಿ ಇರುವುದು ಹತ್ತೇ ಅಧ್ಯಾಯ. ಮೀನುಗಾರರ ಆಡುಮಾತಿನ ಇಂಗ್ಲಿಷು ಕಷ್ಟ. ಹಾಗಾಗಿ ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗಬೇಡಿ. ನೀವು ಮೊದಲು ಓದಿಕೊಂಡು, ರಾತ್ರಿ ಊಟವಾದ ಮೇಲೆ ನಿಮ್ಮ ಮಾತಿನಲ್ಲಿ ಹೇಳಿ. ಹುಡುಗ ಬೀಳುವುದನ್ನು ನಾಲ್ಕು ಮಾತಲ್ಲಿ ಮುಗಿಸಿ. ಮೀನು ಹಸನು ಮಾಡುವ ಸಾಲು ಬರುವುದು ಎರಡನೆಯ ಅಧ್ಯಾಯದಲ್ಲಿ. ಅಲ್ಲಿ ಅವಸರ ಬೇಡ. ಮಕ್ಕಳಿಗೆ ಒಂದೊಂದು ಕೆಲಸ ಹಂಚಿ, ಸಾಲಾಗಿ ನಿಲ್ಲಿಸಿ, ಆಡಿಸಿಯೇ ಹೇಳಿ. ತೊಟ್ಟಿಯ ಬಳಿಯ ಜಾಗಕ್ಕೆ ಎಲ್ಲರಿಗಿಂತ ಚಿಕ್ಕವರನ್ನು ನಿಲ್ಲಿಸಿ.